ಕೂರುವುದೋ, ಇಡುವುದೋ

ಜರ್ಮನಿಗೆ ನಾನು ಹೋದದ್ದು ಗಂಡಿನ ಮನೆ ನೋಡಲು. ಹೋದವರೆಲ್ಲ ಕೋಟೆ, ಚರ್ಚು, ಹಿಮದ ಗುಡ್ಡ ನೋಡಿ ಬಂದು ಬರೆಯುತ್ತಾರೆ. ನಾನು ಮುಖ್ಯವಾಗಿ ನೋಡಿ ಬಂದದ್ದು ಒಂದು ಚಿಕ್ಕ ಮೇಜು. ಅಥವಾ ಒಂದು ಸ್ಟೂಲು. ಎರಡರಲ್ಲಿ ಯಾವುದು ಎಂಬ ಗೊಂದಲದಲ್ಲಿ ನನ್ನ ತಂಗಿಯ ಮದುವೆ ಮುರಿದು ಬೀಳುವುದರಲ್ಲಿತ್ತು. ಆದ್ದರಿಂದ ಅದರ ಬಗ್ಗೆಯೇ ಬರೆಯುತ್ತೇನೆ.

ಭಾವಿಕೇರಿ

ನಮ್ಮದು ಅಂಕೋಲಾ ತಾಲೂಕಿನ ಭಾವಿಕೇರಿ. ಗದ್ದೆ ಕೆಲಸದ ಮನೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಅದು ಯಾರೂ ಕೈಯಲ್ಲಿಟ್ಟು ಕೊಟ್ಟದ್ದಲ್ಲ. ನಟ್ಟಿಯ ದಿನಗಳಲ್ಲಿ ಬೆಳಿಗ್ಗೆ ಸಸಿ ನೆಟ್ಟು, ಕಾಲಿನ ಕೆಸರು ತೊಳೆದು, ಕಾಲೇಜಿಗೆ ಓಡಿದವಳು ನಾನು. ಓದಿದ್ದೆಲ್ಲ ಜಗಲಿಯ ಮೇಲೆ ಬೋರಲು ಮಲಗಿ. ಮನೆಗೆ ಮೇಜು ಎಂಬುದು ಬಂದದ್ದು ನನಗೆ ನೌಕರಿ ಸಿಕ್ಕ ಮೇಲೆ. ಅದರ ಮೇಲೆ ಅವ್ವೆ ಮೊದಲು ಇಟ್ಟದ್ದು ಉಪ್ಪಿನಕಾಯಿ ಭರಣಿ. ಈಗ ಕಾರವಾರದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ.

ತಂಗಿ ಮಂಗಲಾ ನಾನು ತುಳಿದ ದಾರಿಯಲ್ಲೇ ಬಂದಳು, ಆದರೆ ನನಗಿಂತ ಮುಂದೆ ಹೋದಳು. ನರ್ಸಿಂಗ್ ಓದಿ, ಜರ್ಮನ್ ಕಲಿತು, ದೆಸ್ಸಾವ್ ಎಂಬ ಊರಿನ ಆಸ್ಪತ್ರೆ ಸೇರಿದಳು. ಅಲ್ಲಿ ಯೋನಾಸ್ ಎಂಬವನ ಪರಿಚಯವಾಯಿತು. ಅವನೂ ಅದೇ ಆಸ್ಪತ್ರೆಯಲ್ಲಿ, ಮೂಳೆ ಮುರಿದವರಿಗೆ ಮತ್ತೆ ನಡೆಯಲು ಕಲಿಸುವ ಕೆಲಸ. ಮದುವೆಯಾಗುತ್ತೇವೆ ಎಂದು ಫೋನಿನಲ್ಲಿ ಹೇಳಿದಳು. ಅವ್ವೆ ಕೆಲವು ದಿನ ಅದರ ಬಗ್ಗೆ ಬಾಯಿಯೇ ಬಿಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅಂಗಳದಲ್ಲಿ ಹಪ್ಪಳ ತಿರುವಿ ಹಾಕುತ್ತ, ನನ್ನ ಕಡೆ ನೋಡದೆ ಹೇಳಿದಳು:

“ನಾ ವಿಮಾನ ಹತ್ತೂದಿಲ್ಲ. ಅಪ್ಪ ಇಲ್ಲ. ನೀ ಕಲ್ತವ್ಳು, ದೊಡ್ಡವ್ಳು. ಹೋಗಿ ನೋಡ್ಕಂಡು ಬಾ.”

“ಎಂತ ನೋಡೂದು ಅವ್ವೆ? ಹುಡುಗನ ಫೋಟೊ ಕಂಡಿದೀಯಲೆ.”

“ಫೋಟೊದಾಗೆ ಎಲ್ಲಾರೂ ಒಳ್ಳೇರೆಯ. ಮನಿ ಒಳಗೆ ಹೋಗು. ಬಂದವ್ರಿಗೆ ಹ್ಯಾಂಗೆ ಬಡಸ್ತ್ರು ಕಾಣು. ನೀ ಆತು ಅಂದ್ರೆ ನಂಗೂ ಆತು. ನೀ ಬ್ಯಾಡ ಅಂದ್ರೆ ಬ್ಯಾಡ.”

ಅತ್ತ ಮಂಗಲಾ ಬೇರೆಯೇ ಪಟ್ಟು ಹಿಡಿದಿದ್ದಳು. ಮದುವೆ ಭಾವಿಕೇರಿಯ ಅಂಗಳದಲ್ಲೇ ಆಗಬೇಕು, ಅವ್ವೆಯೇ ನಿಂತು ಮಾಡಬೇಕು; ಅವ್ವೆ ಮನಸ್ಸಿಲ್ಲದೆ ಬಂದು ಕೂರುವ ಮದುವೆ ತನಗೆ ಬೇಡ. ಹೀಗೆ ಇಬ್ಬರೂ ಸೇರಿ ಇಡೀ ವಿಷಯವನ್ನು ನನ್ನ ಒಂದು ಮಾತಿನ ಮೇಲೆ ತಂದು ನಿಲ್ಲಿಸಿದರು. ಇಷ್ಟು ದೊಡ್ಡ ಅಧಿಕಾರ ನನಗೆ ಕಾಲೇಜಿನಲ್ಲಿ ಯಾರೂ ಕೊಟ್ಟಿಲ್ಲ.

ಫ್ರಾಂಕ್‌ಫರ್ಟ್

ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತೆಗೆಸಿದರು. ಕರಿಈಶಾಡು ಮಾವಿನ ರಸವನ್ನು ಬಿಸಿಲಿಗೆ ಒಣಗಿಸಿ ಮಾಡಿದ ಸಾಟ ಅದರಲ್ಲಿತ್ತು. ಅವ್ವೆ ಬಾಳೆಲೆಯಲ್ಲಿ ಸುತ್ತಿ ಕೊಟ್ಟದ್ದು. ಅಧಿಕಾರಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಬಗ್ಗಿಸಿ, ಬೆಳಕಿಗೆ ಹಿಡಿದು ನೋಡಿದ. ಚಪ್ಪಲಿಗೆ ಹಾಕುವ ಚರ್ಮವೋ ಎಂದು ಕೇಳಿದ. ಮಾವು ಎಂದೆ. ಮಾವು ಗುಂಡಗಿರುತ್ತದೆ ಎಂದ. ನಾನು ಒಂದು ತುಂಡು ಹರಿದು ಅವನೆದುರೇ ತಿಂದು ತೋರಿಸಿದೆ. ಅವನು ಇನ್ನೊಬ್ಬನನ್ನು ಕರೆದ. ಆ ಇನ್ನೊಬ್ಬ ಬಾಳೆಲೆಯನ್ನು ಮಾತ್ರ ಕಸದ ಡಬ್ಬಿಗೆ ಹಾಕಿ, ಸಾಟವನ್ನು ವಾಪಸು ಕೊಟ್ಟು, ಒಳ್ಳೆಯದಾಗಲಿ ಎಂಬಂತೆ ಕೈಯೆತ್ತಿದ. ಎಲೆ ಅಪಾಯ, ಹಣ್ಣು ಅಪಾಯವಲ್ಲ ಎಂಬ ನ್ಯಾಯ ನನಗೆ ಇಂದಿಗೂ ತಿಳಿದಿಲ್ಲ.

ದೆಸ್ಸಾವ್

ದೆಸ್ಸಾವ್ ಎರಡು ನದಿಗಳು ಕೂಡುವಲ್ಲಿ ಇರುವ ಊರು. ನದಿ ಎಂದರೆ ಗಂಗಾವಳಿಯನ್ನು ನೆನೆಯುವವಳಿಗೆ ಅವು ತೀರ ಶಿಸ್ತಿನವು. ಬೆಳಿಗ್ಗೆ ಎಲ್ಲಿದ್ದವೋ ಸಂಜೆಯೂ ಅಲ್ಲೇ. ಉಬ್ಬರವಿಲ್ಲ, ಇಳಿತವಿಲ್ಲ, ದಡದಲ್ಲಿ ಮೀನಿನ ವಾಸನೆಯೂ ಇಲ್ಲ.

ಮಂಗಲಳ ಮನೆ ಮೂರನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತುತ್ತ ನಾನು ಊರಿನ ಸುದ್ದಿ ಹೇಳಲು ಶುರುಮಾಡಿದ್ದೇ ತಡ, ಕೆಳಗಿನ ಮನೆಯ ಬಾಗಿಲು ತೆರೆದು, ಒಬ್ಬ ಮುದುಕಿ ನನ್ನನ್ನು ನೋಡಿ, ಬಾಗಿಲು ಮುಚ್ಚಿಕೊಂಡಳು.

“ಸಣ್ಣಕೆ ಮಾತಾಡೇ ಅಕ್ಕ. ಇಲ್ಲಿ ಮೆಟ್ಲ ಮೇಲೆ ಯಾರೂ ಮಾತಾಡೂದಿಲ್ಲ.”

“ಎಂತಕೆ, ಮೆಟ್ಲಿಗೆ ನಿದ್ದಿ ಬಂದಿದೆಯಾ?”

“ಭಾನುವಾರ. ಭಾನುವಾರ ಎಲ್ಲದಕ್ಕೂ ನಿದ್ದಿ.”

ಒಂದೂ ವಾಹನವಿಲ್ಲದ ರಸ್ತೆಯ ಅಂಚಿನಲ್ಲಿ ಜನ ಕೆಂಪು ದೀಪ ನೋಡುತ್ತ ನಿಂತಿರುತ್ತಾರೆ. ನಾನು ದಾಟಿಬಿಟ್ಟೆ. ಆಚೆ ಬದಿ ತಲುಪಿ ತಿರುಗಿ ನೋಡಿದರೆ ಮಂಗಲಾ ಈಚೆಯೇ ಇದ್ದಾಳೆ, ನನ್ನನ್ನು ಗೊತ್ತೇ ಇಲ್ಲದವಳಂತೆ. ಅವಳು ಆ ಊರಿನವಳಾಗಿದ್ದಾಳೆ ಎಂಬುದು ನನಗೆ ಆಗ ಗೊತ್ತಾಯಿತು.

ಯೋನಾಸ್ ಮರುದಿನ ಬಂದ. ಉದ್ದ ಆಳು, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರುವವನು. ಬಂದವನೇ ಕೈಮುಗಿದು, “ಅಕ್ಕ, ಊಟ ಆತಾ?” ಎಂದ. ಬೆಳಗಿನ ತಿಂಡಿಯೂ ಆಗಿರದ ಹೊತ್ತು ಅದು. ಮಂಗಲಾ ನಕ್ಕಳು. ಅವನಿಗೆ ಬರುವ ಕನ್ನಡ ಅಷ್ಟೇ, ಅದನ್ನು ಅವನು ಎಲ್ಲ ಹೊತ್ತಿಗೂ ಬಳಸುತ್ತಾನೆ. ಹುಡುಗನ ಬಗ್ಗೆ ನನಗೆ ತಕರಾರು ಹುಟ್ಟಲಿಲ್ಲ. ಆದರೆ ಅವ್ವೆ ನನ್ನನ್ನು ಕಳಿಸಿದ್ದು ಹುಡುಗನನ್ನು ನೋಡಲು ಅಲ್ಲ, ಮನೆ ನೋಡಲು. ಮನೆ ಎಂದರೆ ಅವನ ಅಪ್ಪ ಹೆಲ್ಮೂಟ್. ತಾಯಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು.

ಗಾಜಿನ ಶಾಲೆ

ಹೆಲ್ಮೂಟ್ ನಮ್ಮನ್ನು ಮೊದಲು ಕರೆದುಕೊಂಡು ಹೋದದ್ದು ತಮ್ಮ ಮನೆಗಲ್ಲ, ಊರಿನ ಹಳೆಯ ಶಾಲೆಯೊಂದಕ್ಕೆ. ಅವರು ರೈಲು ಡಬ್ಬಿ ಕಟ್ಟುವ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದವರು, ಈಗ ನಿವೃತ್ತರು. ಆ ಭಾಗ ರಷ್ಯದ ಹಿಡಿತದಲ್ಲಿದ್ದ ಕಾಲದಲ್ಲಿ ಬಾಲ್ಯ ಕಳೆದವರು; ಶಾಲೆಯಲ್ಲಿ ಕಲಿತದ್ದು ರಷ್ಯನ್, ಇಂಗ್ಲಿಷ್ ಬರುವುದಿಲ್ಲ. ಹೀಗಾಗಿ ಅವರು ಹೇಳಿದ್ದನ್ನು ಯೋನಾಸ್ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದ. ಅವರು ಬಹಳ ಹೊತ್ತು ಹೇಳಿದ್ದನ್ನು ಇವನು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದ. ಉಳಿದದ್ದು ಎಲ್ಲಿ ಹೋಯಿತೋ ಗೊತ್ತಿಲ್ಲ.

ಶಾಲೆಯ ಒಂದು ಗೋಡೆ ಪೂರ್ತಿ ಗಾಜು. ಸುಮಾರು ನೂರು ವರ್ಷದ ಹಿಂದೆ ಕಟ್ಟಿದ್ದು. ಕುರ್ಚಿ, ದೀಪ, ಕೆಟಲು, ಬಟ್ಟೆ, ಮನೆ ಎಲ್ಲವನ್ನೂ ಹೊಸದಾಗಿ ಯೋಚಿಸಿ ಮಾಡುವುದನ್ನು ಇಲ್ಲಿ ಕಲಿಸುತ್ತಿದ್ದರು. ಅಲಂಕಾರ ಬೇಡ, ಕೆತ್ತನೆ ಬೇಡ, ಕೆಲಸಕ್ಕೆ ಬರಬೇಕು, ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾಗಬೇಕು, ಎಲ್ಲರ ಮನೆಗೂ ಹೋಗಬೇಕು ಎಂಬುದು ಅವರ ಹಟ. ಹೆಣ್ಣುಮಕ್ಕಳಿಗೂ ಪ್ರವೇಶವಿತ್ತು. ಬಂದವರಲ್ಲಿ ಹೆಚ್ಚಿನವರನ್ನು ಎಲ್ಲಿಗೆ ಕಳಿಸುತ್ತಿದ್ದರು ಎಂದು ಕೇಳಿದೆ. ನೇಯ್ಗೆಗೆ ಎಂದರು. ಹೊಸ ಯೋಚನೆಯೂ ಒಂದು ಬಾಗಿಲ ತನಕ ಬಂದು ನಿಲ್ಲುತ್ತದೆ. ಇತಿಹಾಸ ಕಲಿಸುವವಳಿಗೆ ಇದು ಆಶ್ಚರ್ಯವಲ್ಲ. ಆಮೇಲೆ ಅಧಿಕಾರಕ್ಕೆ ಬಂದವರಿಗೆ ಶಾಲೆಯನ್ನು ಕಂಡರಾಗಲಿಲ್ಲ, ಮುಚ್ಚಿಸಿದರು. ಕಲಿಸುತ್ತಿದ್ದವರಲ್ಲಿ ಅನೇಕರು ದೇಶ ಬಿಟ್ಟು ಹೋದರು. ಅವರ ಸಾಮಾನುಗಳು ಮಾತ್ರ ಜಗತ್ತನ್ನೆಲ್ಲ ಸುತ್ತಿದವು.

ಊಟದ ಕೋಣೆಯಲ್ಲಿ ಉದ್ದ ಮೇಜುಗಳು, ಅವುಗಳ ಕೆಳಗೆ ಸಾಲಾಗಿ ಸ್ಟೂಲುಗಳು. ಹೆಲ್ಮೂಟ್ ಅಲ್ಲಿ ನಿಂತರು. ಅವರ ದನಿ ಬದಲಾಯಿತು. ಒಂದು ಸ್ಟೂಲನ್ನು ತೋರಿಸಿ ಮಾತಾಡತೊಡಗಿದರು.

ನೋಡಲು ಏನೂ ಅಲ್ಲ. ಉಕ್ಕಿನ ಕೊಳವೆಯನ್ನು ಬಗ್ಗಿಸಿ ಮಾಡಿದ ಚೌಕಟ್ಟು, ಮೇಲೊಂದು ಮರದ ಹಲಗೆ. ನಾಲ್ಕು ಕಾಲಿಲ್ಲ, ಕೊಳವೆಯೇ ಕೆಳಗಿಳಿದು, ನೆಲದ ಮೇಲೆ ಹರಿದು, ಆಚೆ ಬದಿಯಲ್ಲಿ ಮತ್ತೆ ಮೇಲೇರುತ್ತದೆ. ಹೀಗಾಗಿ ತಳ್ಳಿದರೆ ಜಾರುತ್ತದೆ, ಎತ್ತಬೇಕಾಗಿಲ್ಲ. ಇಲ್ಲಿ ಕಲಿಸುತ್ತಿದ್ದ ಯುವಕನೊಬ್ಬನಿಗೆ ತನ್ನ ಸೈಕಲ್ಲಿನ ಹ್ಯಾಂಡಲ್ ನೋಡಿ, ಉಕ್ಕನ್ನು ಹೀಗೆ ಬಗ್ಗಿಸುವುದಾದರೆ ಕುರ್ಚಿಗೆ ಮರವೇ ಯಾಕೆ ಬೇಕು ಎನಿಸಿತಂತೆ. ಕೊಳಾಯಿ ಕೆಲಸದವನೊಬ್ಬನ ನೆರವು ಪಡೆದು ಬಗ್ಗಿಸಿದನಂತೆ. ಈ ಸ್ಟೂಲನ್ನೇ ಅಡ್ಡ ಮಲಗಿಸಿ ನೋಡಿದಾಗ ಹಿಂಗಾಲಿಲ್ಲದ ಕುರ್ಚಿ ಹೊಳೆಯಿತು ಎಂದೂ ಹೇಳುತ್ತಾರೆ. ಅಂಥ ಕುರ್ಚಿ ಮೊದಲು ಯಾರದು ಎಂಬುದಕ್ಕೆ ಆಮೇಲೆ ಕೋರ್ಟು ಕಟ್ಟೆ ಹತ್ತಿದರಂತೆ. ಗದ್ದೆಯ ಬದುವಿಗೆ ಬಡಿದಾಡುವ ನಮ್ಮವರ ನೆನಪಾಯಿತು.

“ದೊಡ್ಡದರಿಂದ ಚಿಕ್ಕದರವರೆಗೆ ಹಲವು ಅಳತೆಯಲ್ಲಿ ಮಾಡಿದರು. ಒಂದರ ಹೊಟ್ಟೆಯೊಳಗೆ ಒಂದು ಸೇರುತ್ತದೆ” ಎಂದ ಯೋನಾಸ್. “ಇಲ್ಲಿ ಸ್ಟೂಲು. ಮನೆಯಲ್ಲಿ ಕುರ್ಚಿಯ ಪಕ್ಕ ಇಟ್ಟರೆ ಮೇಜು. ಎರಡೂ ಒಂದೇ. ಅಪ್ಪನಿಗೆ ಇದೇ ಇಷ್ಟ.”

ಚೆಂದ ಎಂದೆ. ಮನಸ್ಸಿನಿಂದಲೇ ಹೇಳಿದೆ. ಇದರ ಮರಿಮಕ್ಕಳನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನಲ್ಲ! ಪೈಪಿಗೆ ಪ್ಲಾಸ್ಟಿಕ್ ದಾರ ಸುತ್ತಿದ ಕುರ್ಚಿ, ಅಂಕೋಲೆಯ ಕ್ಷೌರದಂಗಡಿಯ ಬೆಂಚು, ಕಾರವಾರದ ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂರುವ ಸ್ಟೂಲು, ನಮ್ಮ ಸ್ಟಾಫ್ ರೂಮಿನಲ್ಲಿ ಸೀರೆ ಹರಿಯುವ ಕುರ್ಚಿ ಎಲ್ಲವೂ ಈ ವಂಶದವೇ. ಸ್ಟಾಫ್ ರೂಮಿನ ಕುರ್ಚಿಗೆ ಇಷ್ಟು ದೊಡ್ಡ ಮನೆತನವಿದೆ ಎಂದು ನನಗೆ ಗೊತ್ತಿರಲಿಲ್ಲ.

ಹೆಲ್ಮೂಟ್ ಮನೆ

ಮರುದಿನ ಹೆಲ್ಮೂಟ್ ಮನೆಗೆ ಕಾಫಿಗೆ ಕರೆದಿದ್ದರು. ಮಂಗಲಳಿಗೆ ಡ್ಯೂಟಿ ಇತ್ತು. ನಾನೂ ಯೋನಾಸನೂ ಹೋದೆವು. ಹೆಲ್ಮೂಟ್ ನಮ್ಮನ್ನು ಎದುರುಗೊಳ್ಳಲು ಬೀದಿಯ ತುದಿಯ ತನಕ ಬಂದಿದ್ದರು. ಒಳಗೆ ಹೋದೊಡನೆ, ನಮ್ಮ ಊರಿನಂತೆಯೇ, ಚಪ್ಪಲಿ ಬೂಟು ಬಾಗಿಲಲ್ಲೇ ಬಿಡುವ ಪದ್ಧತಿ. ಸಮಾಧಾನವಾಯಿತು. ಬಾಗಿಲ ಪಕ್ಕ ಅದೇ ಬಗೆಯ ಒಂದು ಸ್ಟೂಲು. ಹೆಲ್ಮೂಟ್ ಅದರ ಮೇಲೆ ಕೂತು, ನಿಧಾನಕ್ಕೆ ಬೂಟಿನ ದಾರ ಬಿಚ್ಚಿದರು. ಯುದ್ಧ ಮುಗಿದ ಮೇಲೆ ಶಾಲೆಯ ಹತ್ತಿರ ಗುಜರಿಯ ರಾಶಿಯಿಂದ ಅವರ ಅಜ್ಜಿ ಎತ್ತಿಕೊಂಡು ಬಂದದ್ದಂತೆ ಅದು. ಶಾಲೆಯ ಕಾಲದ್ದೇ ಹೌದೋ ಅಲ್ಲವೋ ಗೊತ್ತಿಲ್ಲ. ಪರೀಕ್ಷೆ ಮಾಡಿಸಲು ಅವರಿಗೆ ಮನಸ್ಸಿಲ್ಲ. ಅಲ್ಲ ಎಂದುಬಿಟ್ಟರೆ ಏನು ಮಾಡುವುದು ಎನ್ನುತ್ತಾರೆ.

ನನ್ನನ್ನು ಕಿಟಕಿಯ ಹತ್ತಿರದ ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಬಾಗಿಲಿಗೆ ಹೋಗಿ, ಆಗಷ್ಟೇ ತಾವು ಕೂತು ಎದ್ದಿದ್ದ ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ನನ್ನ ಪಕ್ಕ ಇಟ್ಟರು. ಒಳಗಿನಿಂದ ಕೇಕು ತಂದರು, ರೂಬಾರ್ಬ್ ಎಂಬ ಹುಳಿ ದಂಟಿನದು. ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಇಡಿ ಎಂಬಂತೆ ಸ್ಟೂಲಿನ ಕಡೆ ಕೈ ಮಾಡಿದರು.

ನನ್ನ ಕೈ ಮುಂದೆ ಹೋಗಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂರುವ ಮಣೆಯ ಮೇಲೆ ಅನ್ನದ ತಟ್ಟೆ ಇಡುವುದಿಲ್ಲ. ಉಂಡ ಜಾಗವನ್ನು ನೀರು ಹಾಕಿ ಒರೆಸುವ ತನಕ ಅಲ್ಲಿ ಕೂರುವುದಿಲ್ಲ. ಹೊಸ್ತಿಲ ಮೇಲೆ, ಒರಳಿನ ಮೇಲೆ, ಅಕ್ಕಿ ಮೂಟೆಯ ಮೇಲೆ ಕೂತರೆ ಬೆನ್ನಿಗೆ ಏಟು ಬೀಳುತ್ತಿತ್ತು. ಹಿಂದಿನ ದಿನ ಗಾಜಿನ ಶಾಲೆಯಲ್ಲಿ, ಎರಡೂ ಒಂದೇ ಎಂದಾಗ ಚೆಂದ ಎಂದವಳು ನಾನೇ. ಆದರೆ ಚೆಂದ ಎಂದದ್ದು ಕಾಲೇಜಿನಲ್ಲಿ ಕಲಿತ ಬಾಯಿ. ತಟ್ಟೆ ಹಿಡಿದ ಕೈ ಭಾವಿಕೇರಿಯದು.

ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಕಾಫಿ ಬಂತು. ಅದನ್ನೂ ಕೈಯಲ್ಲೇ ಹಿಡಿದೆ. ಹೆಲ್ಮೂಟ್ ಸ್ಟೂಲನ್ನು ನನ್ನ ಕಡೆ ಸ್ವಲ್ಪ ತಳ್ಳಿದರು. ಅದು ಸದ್ದಿಲ್ಲದೆ ಜಾರಿ ಬಂತು. ನಾನು ಮೊಣಕಾಲು ಆಚೆ ತಿರುಗಿಸಿದೆ. ಇನ್ನಷ್ಟು ತಳ್ಳಿದರು. ಇನ್ನಷ್ಟು ತಿರುಗಿದೆ. ಹೀಗೆ ನಾನು ಕಿಟಕಿಗೆ ಮುಖ ಮಾಡಿ ಕೂರುವ ತನಕ ನಡೆಯಿತು. ಕಪ್ಪು ಕಾದು ಬೆರಳು ಸುಡುತ್ತಿತ್ತು. ಕೇಕು ನಿಜಕ್ಕೂ ಚೆನ್ನಾಗಿತ್ತು, ನಮ್ಮ ಬಿಂಬಲಿ ಕಾಯಿಯ ಹುಳಿಗೆ ಬೆಲ್ಲ ಸೇರಿಸಿದ ಹಾಗೆ. ಚೆನ್ನಾಗಿದೆ ಎಂದು ಮೂರು ನಾಲ್ಕು ಸಲ ಹೇಳಿದೆ. ಯೋನಾಸ್ ಪ್ರತಿ ಸಲವೂ ಅನುವಾದಿಸಿದ. ಹೆಲ್ಮೂಟ್ ಪ್ರತಿ ಸಲವೂ ತಲೆಯಾಡಿಸಿದರು. ನಾವು ಹೊರಡುವಾಗ ಕೈಕುಲುಕಿದರು, ಆದರೆ ಬೀದಿಯ ತುದಿಯ ತನಕ ಬರಲಿಲ್ಲ.

ಮಂಗಲಳ ಅಡುಗೆಮನೆ

ಮರುದಿನ ಮಂಗಲಾ ಕೆಲಸದಿಂದ ಬಂದವಳೇ ಚೀಲವನ್ನು ಕುರ್ಚಿಗೆ ಎಸೆದಳು.

“ಅಕ್ಕ, ನಿನ್ನೆ ಅಲ್ಲಿ ಎಂತ ಮಾಡ್ದೆ ನೀ?”

“ಎಂತ ಮಾಡ್ದೆ? ಕೇಕ್ ತಿಂದೆ. ಚೆಂದ ಆಗೀದೆ ಅಂದೆ.”

“ತಟ್ಟೆ ಎಂತಕೆ ಇಡ್ಲಿಲ್ಲ?”

“ಎಲ್ಲಿ ಇಡೂದು? ಅದ್ರ ಮೇಲೆ ಕುಂತ್ಕಂಡು ಬೂಟು ಬಿಚ್ಚಿದ್ರಲೆ ಅವ್ರು!”

ಮಂಗಲಾ ಗೋಡೆಗೆ ಒರಗಿ ನಿಂತಳು. ಯೋನಾಸ್ ಹೇಳಿದ್ದನ್ನು ಹೇಳಿದಳು. ಅವನ ತಾಯಿ ಕಾಯಿಲೆ ಮಲಗಿದ್ದಾಗ ಅವರ ನೀರು, ಔಷಧಿ, ಗಂಜಿ ಎಲ್ಲ ಇರುತ್ತಿದ್ದದ್ದು ಆ ಸ್ಟೂಲಿನ ಮೇಲೆ. ಅವರು ಹೋದ ಮೇಲೆ ಹೆಲ್ಮೂಟ್ ಅದನ್ನು ಬಾಗಿಲಿಗೆ ತಳ್ಳಿಬಿಟ್ಟಿದ್ದರು. ಬೂಟು ಬಿಚ್ಚಲು ಕೂರುತ್ತಿದ್ದರೇ ಹೊರತು ಅದರ ಮೇಲೆ ಯಾರಿಗೂ ಒಂದು ಲೋಟ ನೀರನ್ನೂ ಇಟ್ಟಿರಲಿಲ್ಲ. ಮತ್ತೆ ಇಟ್ಟದ್ದು ನನಗೇ.

“ಈಗ ಅವ್ರು ಯೋನಾಸಗೆ ಎಂತ ಅಂದೀರು ಗೊತ್ತದೆಯಾ? ಆ ಅಕ್ಕನಿಗೆ ನಮ್ಮ ಮನೆ ಸೇರಿಲ್ಲ, ತಟ್ಟೆ ಇಡೂಕೂ ಮನಸ್ಸು ಬರ್ಲಿಲ್ಲ, ಅವ್ಳ ಅಮ್ಮನ ಮನಸ್ಸು ಮುರ್ದು ಆ ಹುಡುಗೀನ ಎಳ್ಕಂಡು ಬರ್ಬೇಡ ಅಂದೀರು.”

ಅಷ್ಟರಲ್ಲಿ ಅವ್ವೆಯ ಫೋನು ಬಂತು.

“ಹೋಗಿ ಬಂದ್ಯೆ? ಹ್ಯಾಂಗದೆ ಮನಿ?”

ನಡೆದದ್ದನ್ನು ನಡೆದ ಹಾಗೇ ಹೇಳಿದೆ.

“ಕುಂತಲ್ಲೇ ತಿಂಡಿ ಇಟ್ರೆ? ಛೀ! ನೀ ಇಡ್ಲಿಲ್ಲಲೆ?”

“ಇಲ್ಲ.”

“ಚಲೋ ಮಾಡ್ದೆ.”

ಮಂಗಲಾ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

“ಅವ್ವೆ, ನೀ ಕಾಯಿ ತುರೂವಾಗ ಎಲ್ಲಿ ಕುಂತ್ಕಂತೆ?”

“ಎಲ್ಲಿ ಅಂದ್ರೆ? ತುರಿಮಣಿ ಮೇಲೆ.”

“ತುರಿಮಣಿ ಮೇಲೆ ಎಂತ ಇಟ್ಟು?”

“ಎಂತ ಇಟ್ಟು ಅಂದ್ರೆ ಎಂತದೆ ಹುಡುಗಿ?”

“ಕುಂಡಿ ಇಟ್ಟು! ಅದೇ ಹಲಗಿ ತುದೀಗೆ ಕಾಯಿ ತುರದು ಊರಿಗೆಲ್ಲ ಸಾರು ಮಾಡಿ ಬಡಸ್ತೆ. ನಿನ್ನ ಮೀನು ಸಾರು ಉಂಡವ್ರು ಯಾರಾದ್ರೂ ಛೀ ಅಂದಿದ್ರೆ?”

ಇಷ್ಟು ವರ್ಷ ತುರಿಮಣೆಯ ಮೇಲೆ ಕೂತವಳು ನಾನೂ. ಒಂದು ದಿನವೂ ಇದು ನನ್ನ ತಲೆಗೆ ಹೋಗಿರಲಿಲ್ಲ.

“ತುರಿಮಣಿ ಬೇರೆ” ಎಂದಳು ಅವ್ವೆ.

“ಹ್ಯಾಂಗೆ ಬೇರೆ?”

“ಬೇರೆ ಅಂದ್ರೆ ಬೇರೆ.” ಆಮೇಲೆ ಸೇರಿಸಿದಳು: “ತುರಿಮಣಿ ನಾ ದಿನಾ ತೊಳೀತೆ. ಅವ್ರು ಅದ್ನ ತೊಳೀತ್ರೆ? ಕೇಳಿದ್ರ್ಯೆ ನೀವು?”

ಕೇಳಿರಲಿಲ್ಲ. ಫೋನು ಇಟ್ಟ ಮೇಲೆ ನಾನೂ ಮಂಗಲಳೂ ಒಬ್ಬರ ಮುಖ ಒಬ್ಬರು ನೋಡಿದೆವು. ಇಬ್ಬರು ಓದಿದವರು ಇದ್ದ ಮನೆ ಅದು.

ಮತ್ತೆ ಹೆಲ್ಮೂಟ್ ಮನೆ

ಹೇಳದೆ ಕೇಳದೆ ಯಾರ ಮನೆಗೂ ಹೋಗಬಾರದ ದೇಶ ಅದು. ಯೋನಾಸ್ ಮುಂಚೆಯೇ ತಿಳಿಸಿದ್ದ; ಈ ಸಲ ಮಂಗಲಳೂ ಸೇರಿ ಮೂವರೂ ಹೋದೆವು. ಹೆಲ್ಮೂಟ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲು ತೆರೆದರು. ನಮ್ಮನ್ನು ಕಿಟಕಿಯ ಹತ್ತಿರ ಕೂರಿಸಲಿಲ್ಲ. ಊಟದ ದೊಡ್ಡ ಮೇಜಿನ ಸುತ್ತ, ನಾಲ್ವರಿಗೂ ಸಮನಾದ ದೂರದಲ್ಲಿ ತಟ್ಟೆ ಹಾಕಿದ್ದರು. ಸ್ಟೂಲು ಬಾಗಿಲ ಬಳಿ ಇತ್ತು. ಮರ್ಯಾದೆಗೆ ಏನೂ ಕೊರತೆಯಿರಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಕಡೆಯವರ ಹತ್ತಿರ ಮಾತಾಡುವಂಥ ಮರ್ಯಾದೆ.

ನಾನು ಸುತ್ತಿ ಬಳಸಿ ಮಾತಾಡುವವಳಲ್ಲ.

“ಹೇಳೇ ಮಂಗಲಾ ಅವ್ರಿಗೆ. ನಂಗೆ ನಿಮ್ಮ ಮನೆ ಸೇರದೆ ಅಲ್ಲ. ನಮ್ಮಲ್ಲಿ ಕುಂಡಿ ಇಡೂ ಜಾಗ ಬೇರೆ, ತಟ್ಟೆ ಇಡೂ ಜಾಗ ಬೇರೆ. ಅದ್ಕೆ ಕೈ ಬರ್ಲಿಲ್ಲ ಅಂತ ಹೇಳು.”

“ಹೇಳ್ತೆ. ಆ ಮೊದಲ್ನೇ ಶಬ್ದಕ್ಕೆ ಜರ್ಮನ್‌ದಾಗೆ ಮಾವನೋರ ಹತ್ರ ಹೇಳುವಂಥ ಶಬ್ದ ಯಾವ್ದು ಅಂತ ಗೊತ್ತಿಲ್ಲ.”

ಅವಳು ಏನೋ ಒಂದು ಶಬ್ದ ಹುಡುಕಿ ಹೇಳಿದಳು. ಯೋನಾಸ್ ಕೆಮ್ಮಿದ. ಹೆಲ್ಮೂಟ್ ನಗಲಿಲ್ಲ. ನಕ್ಷೆಯೊಂದರಲ್ಲಿ ತಪ್ಪು ಹುಡುಕುವವರಂತೆ ಮೇಜಿನ ಮೇಲೆ ಬೆರಳಿಂದ ಗೆರೆ ಎಳೆಯುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ಮಂಗಲಾ ನನಗೆ ಹೇಳಿದಳು:

“ಹಂಗಾರೆ ಇದ್ನ ಮಾಡಿದಂವ ತಪ್ಪು ಮಾಡಿದ್ನೆ ಅಂತ ಕೇಳ್ತ್ರು.”

“ತಪ್ಪಲ್ಲ. ಅವನ ಮನೇಲಿ ನಮ್ಮ ಅವ್ವೆ ಇರ್ಲಿಲ್ಲ ಅಂತ ಹೇಳು.”

ಇದಕ್ಕೆ ಹೆಲ್ಮೂಟ್ ನಕ್ಕರು. ದೊಡ್ಡ ನಗುವೇನಲ್ಲ. ಆಮೇಲೆ ನಾನು ಅವ್ವೆಯ ಪ್ರಶ್ನೆ ಕೇಳಿಸಿದೆ: ಅದನ್ನು ತೊಳೆಯುತ್ತೀರಾ? ಅವರು ಎದ್ದು ಹೋಗಿ ಸ್ಟೂಲನ್ನು ತಂದರು. ಒಂದು ಬೋಗುಣಿಯಲ್ಲಿ ನೀರು, ಬಟ್ಟೆ. ಹಲಗೆ ಒರೆಸಿದರು. ಅಂಚು ಒರೆಸಿದರು. ಹಲಗೆಯ ಅಡಿಭಾಗ ಒರೆಸಿದರು, ಕೊಳವೆಯನ್ನು ಮೇಲಿನಿಂದ ಕೆಳಗಿನ ತನಕ ಹಿಡಿದು ಒರೆಸಿದರು, ಕೊಳವೆ ಬಾಗುವಲ್ಲಿ ಬಟ್ಟೆಯನ್ನು ಬೆರಳಿಗೆ ಸುತ್ತಿ ತಿಕ್ಕಿದರು. ನೀರು ಬದಲಿಸಿ ಮತ್ತೊಮ್ಮೆ ಒರೆಸಿದರು. ಇಷ್ಟು ನಮ್ಮಲ್ಲಿ ದೇವರ ಪೀಠಕ್ಕೂ ಮಾಡುವುದಿಲ್ಲ. ಕೊನೆಗೆ ಬಿಳಿ ಟವೆಲಿನಿಂದ ಒಣಗಿಸಿ, ಕಿಟಕಿಯ ಹತ್ತಿರದ ಕುರ್ಚಿಯ ಪಕ್ಕ ಇಟ್ಟು, ನನ್ನ ಮುಖ ನೋಡಿದರು.

ನಾನು ಊಟದ ಮೇಜಿನಿಂದ ನನ್ನ ತಟ್ಟೆ ಎತ್ತಿಕೊಂಡು ಹೋಗಿ ಅದರ ಮೇಲೆ ಇಟ್ಟೆ. ಕಪ್ಪನ್ನೂ ಇಟ್ಟೆ. ಕೂತು ತಿಂದೆ. ಅವರು ತಮ್ಮ ಕಪ್ಪನ್ನೂ ತಂದು ಅದರ ಮೇಲೆಯೇ ಇಟ್ಟರು. ಹಲಗೆ ಚಿಕ್ಕದು, ಕಪ್ಪುಗಳು ಒಂದಕ್ಕೊಂದು ತಾಗುತ್ತಿದ್ದವು.

ಮಂಗಲಾ ಅಲ್ಲಿಂದಲೇ ಅವ್ವೆಗೆ ವಿಡಿಯೊ ಕರೆ ಮಾಡಿದಳು. ಅವ್ವೆಯ ಹಣೆ ಮತ್ತು ಹಿಂದಿನ ತೆಂಗಿನ ಮರ ಮಾತ್ರ ಕಾಣುತ್ತಿತ್ತು.

“ಅವ್ವೆ, ಆತು” ಎಂದೆ.

“ತೊಳದ್ರೆ?”

“ತೊಳದ್ರು. ಕಾಲೂ ಬಿಡ್ಲಿಲ್ಲ, ತೊಳದ್ರು.”

“ಅಯ್ಯ! ಯಾರ ಕಾಲು?”

“ಸ್ಟೂಲಿಂದು!”

ಅವ್ವೆ ನಕ್ಕದ್ದು ಜೋರಾಗಿ ಕೇಳಿಸಿತು. ಮಂಗಲಾ ಫೋನನ್ನು ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋದಳು. ಯೋನಾಸ್ ಅವಳ ಹಿಂದೆ ಹೋದ. ಅಲ್ಲಿ ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು. ಹೊರಗೆ ಬಂದಾಗ ಇಬ್ಬರ ಕಣ್ಣೂ ಕೆಂಪಗಿದ್ದವು.

“ಬೀಗರಿಗೆ ಒಂದ್ಮಾತು ಕೇಳು” ಎಂದಳು ಅವ್ವೆ. ಬೀಗರು ಎಂಬ ಮಾತು ಅವಳ ಬಾಯಿಂದ ಅದೇ ಮೊದಲು ಬಂದದ್ದು. “ಅವ್ರಿಗೆ ನೆಲದ ಮೇಲೆ ಕುಂತ್ಕಳ್ಳೂಕೆ ಬತ್ತದೆಯಾ? ಹಸೆಮಣಿ ಪಕ್ಕ ನಾ ಕುರ್ಚಿ ಹಾಕ್ಸೂದಿಲ್ಲ.”

ಮಂಗಲಾ ಅನುವಾದಿಸಿದಳು. ಹೆಲ್ಮೂಟ್ ಕಪ್ಪು, ತಟ್ಟೆಗಳನ್ನು ಸ್ಟೂಲಿನಿಂದ ಎತ್ತಿ ಪಕ್ಕಕ್ಕಿಟ್ಟರು. ಮೊಣಕಾಲು ಮಡಚಿ, ಒಂದು ಕೈಯನ್ನು ಸ್ಟೂಲಿಗೆ ಊರಿ, ನಿಧಾನವಾಗಿ ಕೆಳಗಿಳಿಯತೊಡಗಿದರು. ಅರ್ಧ ದಾರಿಯಲ್ಲಿ ಸ್ಟೂಲು ನುಣ್ಣಗೆ ಜಾರಿ ಗೋಡೆಯ ತನಕ ಹೋಯಿತು. ಹೆಲ್ಮೂಟ್ ಅದರ ಹಿಂದೆ ಸ್ವಲ್ಪ ದೂರ ಹೋಗಿ ನೆಲಕ್ಕೆ ಕೂತರು.

“ಬಿದ್ರೇನೆ ಅವ್ರು?” ಎಂದು ಅವ್ವೆ ಫೋನಿನೊಳಗಿಂದ ಕೂಗಿದಳು.

ನಾವು ಎತ್ತಲು ಓಡಿದರೆ ಅವರು ಬೇಡ ಎಂದು ಕೈಯಾಡಿಸಿದರು. ಕಾಲು ಚಾಚಿಕೊಂಡು ನೆಲದ ಮೇಲೆಯೇ ಕೂತು, ಗೋಡೆಗೆ ಹೋಗಿ ನಿಂತ ಸ್ಟೂಲನ್ನು ನೋಡುತ್ತ ಏನೋ ಹೇಳಿದರು. ಮಂಗಲಾ ಫೋನಿನ ಹತ್ತಿರ ಬಾಯಿ ತಂದು ಅವ್ವೆಗೆ ತಿಳಿಸಿದಳು:

“ಕುಂತ್ಕಳ್ಳೂಕೂ ಆತದೆ, ಇಡೂಕೂ ಆತದೆ, ಹಿಡ್ಕಳ್ಳೂಕೆ ಮಾತ್ರ ಆಗೂದಿಲ್ಲ, ಅದ್ಕೆ ಮನುಷ್ಯರೇ ಬೇಕು ಅಂತ್ರು ಅವ್ವೆ.”